ಬಲೂನೋ, ಹೆಲ್ಲರೋ, ಪೋಯೆಮೋ? ಅನ್ನನಾಳದ ಬಾಗಿಲು ತೆಗೆಸುವ ಮುಂಚೆ

ಹೋದ ವರ್ಷ ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಪಂಕ್ತಿಯಲ್ಲಿ ಕೂತೆ. ಎಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಂತು. ಅನ್ನಕ್ಕೆ ತಿಳಿಸಾರು ಕಲಸಿ ಮೂರು ತುತ್ತು ತಿಂದೆ, ಹೋಯಿತು. ನಾಲ್ಕನೆಯದು ಎದೆ ನಡುವೆ ನಿಂತಿತು. ಒಂದು ಲೋಟ ನೀರು ಕುಡಿದರೆ ನೀರೂ ಅದರ ಮೇಲೆ ಹೋಗಿ ಕೂತಿತು. ಪಕ್ಕದಲ್ಲಿದ್ದ ಅತ್ತಿಗೆ, 'ಹೋಳಿಗೆ ಬರ್ತಾ ಇದೆ, ಈಗ ಏಳಬೇಡ ಕಣೇ' ಅಂದರು. ಎದ್ದು ಹಿತ್ತಲಿಗೆ ಹೋಗಿ ಬಾಳೆಗಿಡದ ಬುಡದಲ್ಲಿ ಬಗ್ಗಿದೆ. ಅನ್ನ ತಿಂದ ಹಾಗೇ ವಾಪಸ್ ಬಂತು. ಹುಳಿ ಇಲ್ಲ, ಕಹಿ ಇಲ್ಲ. ಹೊಟ್ಟೆ ಮುಟ್ಟಿದರೆ ತಾನೇ ಹುಳಿಯಾಗುವುದು?

ಈ 'ಹುಳಿ ಇಲ್ಲ' ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನನ್ನದು ಅನ್ನನಾಳದ ರೋಗ, ಹೆಸರು ಅಕಲೇಸಿಯಾ. ಅದು ಗೊತ್ತಾಗುವ ಮುಂಚೆ ನಾನು ನಾಲ್ಕು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೇನೆ. ಆ ಮಾತ್ರೆಯೂ ಎಷ್ಟೋ ದಿನ ಅರ್ಧ ದಾರಿಯಲ್ಲೇ ಕೂತಿರುತ್ತಿತ್ತು. ವಾಪಸ್ ಬರುವುದು ಹುಳಿಯಾ ಸಪ್ಪೆಯಾ ಅಂತ ಅಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಒಂದು ಕಡೆ ಎಂಡೋಸ್ಕೋಪಿ ಮಾಡಿ 'ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿ' ಅಂತ ಕಳಿಸಿದರು. ಯಾವ ಆಸ್ಪತ್ರೆ ಅನ್ನುವುದು ಬೇಡ. ಶುರುವಿನಲ್ಲಿ ಎಂಡೋಸ್ಕೋಪಿಯಲ್ಲಿ ಇದು ಕಾಣದೇ ಹೋಗಬಹುದು, ನಿಜ. ಊರಲ್ಲಂತೂ ಪಿತ್ತ ಅಂದರು, ದೃಷ್ಟಿ ಅಂದರು. ಎಲೆಅಡಿಕೆ ಜಾಸ್ತಿ ಆಯಿತು ಅಂದರು. ಅಡಿಕೆ ಜಗಿದು ಬಾಯಿ ಬಿಗಿಯುವ ರೋಗ ಇದೆ, ನಮ್ಮ ಕಡೆ ಬೇಕಾದಷ್ಟು ಇದೆ. ಆದರೆ ಅದು ಬಾಯಿಯದ್ದು, ನಂದು ಎದೆಯ ಕೆಳಗಿನದ್ದು. ಅಡಿಕೆ ಮನೆಯವಳಾದರೂ ನಾನು ಅಡಿಕೆ ಹಾಕುವವಳೇ ಅಲ್ಲ.

ಅಕಲೇಸಿಯಾ ಅಂದರೆ ಏನು ಅಂತ ಹೇಳುತ್ತೇನೆ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಅದು ಅಲೆಅಲೆಯಾಗಿ ಹಿಂಡಿ ತುತ್ತನ್ನು ಕೆಳಗೆ ತಳ್ಳಬೇಕು. ತುದಿಯಲ್ಲಿರುವ ಬಿಗಿ ಸ್ನಾಯು ಆಗ ಸಡಿಲವಾಗಿ ದಾರಿ ಬಿಡಬೇಕು. ಈ ಸಡಿಲ ಮಾಡಿಸುವ ನರಕೋಶಗಳು ಸಾಯುತ್ತಾ ಬರುವುದೇ ಈ ರೋಗ. ತಳ್ಳುವುದು ನಿಲ್ಲುತ್ತದೆ, ಬಾಗಿಲೂ ತೆಗೆಯುವುದಿಲ್ಲ. ವರ್ಷಕ್ಕೆ ಲಕ್ಷಕ್ಕೆ ಸುಮಾರು ಒಬ್ಬರಿಗೆ ಬರುವಂಥದ್ದು. ಹಾಗಾಗಿ ನಮ್ಮೂರ ಡಾಕ್ಟರಿಗೆ ಹೊಳೆಯಲಿಲ್ಲ ಅಂತ ಈಗ ಅಷ್ಟೊಂದು ಸಿಟ್ಟಿಲ್ಲ.

ಸತ್ತ ನರ ವಾಪಸ್ ಬರುವುದಿಲ್ಲ. ಮುಂದೆ ಹೇಳುವ ಮೂರು ಚಿಕಿತ್ಸೆ, ಅಂದರೆ ಬಲೂನ್, ಹೆಲ್ಲರ್ ಆಪರೇಷನ್, ಬಾಯಿಂದ ಎಂಡೋಸ್ಕೋಪ್ ಇಳಿಸಿ ಮಾಡುವ ಪೋಯೆಮ್, ಯಾವುದೂ ರೋಗವನ್ನು ವಾಸಿ ಮಾಡುವುದಿಲ್ಲ. ಬಾಗಿಲನ್ನು ಸಡಿಲ ಮಾಡುತ್ತದೆ, ಆಮೇಲೆ ಅನ್ನ ತನ್ನ ಭಾರಕ್ಕೆ ತಾನೇ ಇಳಿಯಬೇಕು. 1674ರಲ್ಲಿ ಥಾಮಸ್ ವಿಲ್ಲಿಸ್ ಅನ್ನುವ ಇಂಗ್ಲಿಷ್ ವೈದ್ಯ ತಿಮಿಂಗಿಲದ ಮೂಳೆಯ ತುದಿಗೆ ಸ್ಪಂಜು ಕಟ್ಟಿ ರೋಗಿಯ ಕೈಗೆ ಕೊಟ್ಟಿದ್ದನಂತೆ, ತಿಂದ ಮೇಲೆ ತಳ್ಳಿಕೊಳ್ಳಲಿಕ್ಕೆ. ಇವತ್ತಿನ ಬಲೂನಿನ ಮುತ್ತಜ್ಜ ಅದೇ.

ಮೊದಲು ಟೈಪ್, ಆಮೇಲೆ ದಾರಿ

ಯಾವ ಆಪರೇಷನ್ ಒಳ್ಳೆಯದು ಅಂತ ಫೋನ್ ಮಾಡುವವರಿಗೆಲ್ಲ ನಾನು ಕೇಳುವುದು ಒಂದೇ: ಮ್ಯಾನೋಮೆಟ್ರಿ, ಅಂದರೆ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ, ಆಯಿತಾ? ಈ ರೋಗದಲ್ಲಿ ಮೂರು ಟೈಪ್, ನಿಮ್ಮದು ಯಾವುದು ಅಂತ ಹೇಳುವುದು ಅದೇ. ಆಗದಿದ್ದರೆ ಬೇರೆ ಮಾತೇ ಬೇಡ.

ಪರೀಕ್ಷೆ ಮೂರು. ಎಂಡೋಸ್ಕೋಪಿ ಮಾಡುವುದು ಗಂಟು, ಗಾಯ, ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಐವತ್ತು ದಾಟಿದವರಿಗೆ ಈಚೆಗಷ್ಟೇ ನುಂಗಲು ಕಷ್ಟ ಶುರುವಾಗಿ ತೂಕ ಬೇಗ ಇಳಿಯುತ್ತಿದ್ದರೆ ಇದನ್ನು ನಾಳೆಗೆ ಅಂತ ಬಿಡಬೇಡಿ. ಎರಡನೆಯದು ಬೇರಿಯಂ ಎಕ್ಸ್‌ರೇ. ಸುಣ್ಣದ ನೀರಿನಂಥದ್ದನ್ನು ಕುಡಿಸಿ ಫೋಟೋ ತೆಗೆಯುತ್ತಾರೆ. ಅಗಲ ಅನ್ನನಾಳ ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಕಾಣುತ್ತದೆ. ಇವೆರಡೂ ನನಗೆ ಶಿವಮೊಗ್ಗದಲ್ಲೇ ಆದವು.

ಮೂರನೆಯದಾದ ಮ್ಯಾನೋಮೆಟ್ರಿಗೆ ಆಗುಂಬೆ ಘಾಟಿ ಇಳಿದು ಮಣಿಪಾಲದ ಕಡೆ ಹೋದೆ. ಆಷಾಢದ ಮಳೆ, ಹದಿನಾಲ್ಕು ತಿರುವು, ಖಾಲಿ ಹೊಟ್ಟೆ. ಮೂಗಿನಿಂದ ತೆಳ್ಳಗಿನ ನಳಿಕೆ ಇಳಿಸಿದರು. ಮೂಗಿಗೆ ಹಚ್ಚಿದ ಮರಗಟ್ಟುವ ಔಷಧಿಯ ಕಹಿ ಗಂಟಲಿಗೆ ಇಳಿಯಿತು, ಕಣ್ಣಲ್ಲಿ ನೀರು. ಆಮೇಲೆ ಮಲಗಿಸಿ ಸಿರಿಂಜಿನಲ್ಲಿ 5 ಎಂಎಲ್ ನೀರು ಬಾಯಿಗೆ ಹಾಕಿ 'ಒಂದೇ ಸಲ ನುಂಗಿ' ಅನ್ನುತ್ತಾರೆ. ಹೀಗೆ ಹತ್ತು ಸಲ. ಎದುರಿನ ಪರದೆಯಲ್ಲಿ ನೀಲಿ, ಹಸಿರು, ಕೆಂಪು. ಸರಿಯಾಗಿ ನುಂಗುವವರಿಗೆ ಕೆಂಪು ಪಟ್ಟಿ ಓರೆಯಾಗಿ ಕೆಳಗೆ ಇಳಿಯುತ್ತದೆಯಂತೆ. ನನ್ನದರಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಲ ನೇರ ಕಂಬ ನಿಂತಿತು, ಹತ್ತಕ್ಕೆ ಹತ್ತೂ. ಟೆಕ್ನಿಷಿಯನ್ ಹುಡುಗಿ 'ಟೈಪ್ ಟೂ ಇದ್ದ ಹಾಗಿದೆ ಅಕ್ಕ' ಅಂದಳು. ನಾಲ್ಕು ವರ್ಷದ ಮೇಲೆ ಒಬ್ಬರು 'ಇದೆ' ಅಂದರಲ್ಲ, ನನಗೆ ಅಳು ಬಂತು. ನಳಿಕೆ ಇದ್ದಾಗ ಅಳುವುದು ಬಹಳ ಕಷ್ಟ.

ಟೈಪ್ ಒಂದರಲ್ಲಿ ಅನ್ನನಾಳ ಪೂರ್ತಿ ಸುಮ್ಮನಾಗಿರುತ್ತದೆ. ಎರಡರಲ್ಲಿ ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ, ತಳ್ಳುವುದಿಲ್ಲ. ಮೂರರಲ್ಲಿ ಸೆಳೆತ, ಎದೆ ಹಿಂಡುವ ನೋವು. ಎರಡನೆಯವರು ಪುಣ್ಯವಂತರು, ಯಾವ ಚಿಕಿತ್ಸೆಗೂ ಚೆನ್ನಾಗಿ ಬಗ್ಗುತ್ತಾರೆ. ಮೂರನೆಯವರಿಗೆ ಆಯ್ಕೆ ಹೆಚ್ಚುಕಡಿಮೆ ಒಂದೇ, ಪೋಯೆಮ್. ಸೆಳೆತ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಉದ್ದಕ್ಕೆ ಕೊಯ್ಯಲು ಅದರಲ್ಲೇ ಸುಲಭ.

ಇದರ ಜೊತೆಗೆ ಎಕಾರ್ಟ್ ಸ್ಕೋರ್ ಅಂತ ಇದೆ. ಮನೆಯಲ್ಲೇ ಹಾಕಿಕೊಳ್ಳಬಹುದು. ನುಂಗಲು ಕಷ್ಟ, ವಾಪಸ್ ಬರುವುದು, ಎದೆನೋವು ಈ ಮೂರಕ್ಕೂ ಇಲ್ಲ ಅಂದರೆ 0, ಯಾವಾಗಲಾದರೂ 1, ದಿನಾ 2, ಪ್ರತಿ ಊಟಕ್ಕೂ 3. ತೂಕ 5 ಕೆ.ಜಿ.ಯೊಳಗೆ ಇಳಿದಿದ್ದರೆ 1, 10ರವರೆಗೆ 2, ಅದಕ್ಕಿಂತ ಜಾಸ್ತಿ ಆದರೆ 3. ಒಟ್ಟು ಹನ್ನೆರಡಕ್ಕೆ. ಮೊದಲ ಸಲ ನಂದು 9 ಇತ್ತು, 58 ಕೆ.ಜಿ. ಇದ್ದವಳು 46ಕ್ಕೆ ಬಂದಿದ್ದೆ. ಚಿಕಿತ್ಸೆ ಆದಮೇಲೆ 3 ಅಥವಾ ಅದಕ್ಕಿಂತ ಕಡಿಮೆ ಆದರೆ ಪಾಸು ಅಂತ ಲೆಕ್ಕ. ಡೈರಿಯಲ್ಲಿ ತಿಂಗಳಿಗೊಂದು ಸಲ ಬರೆದಿಡಿ. ಡಾಕ್ಟರ್ ಮುಂದೆ 'ಸ್ವಲ್ಪ ಪರವಾಗಿಲ್ಲ' ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಬಲೂನ್

ನನಗೆ ಮೊದಲು ಆಗಿದ್ದು ಇದು. ಎಂಡೋಸ್ಕೋಪಿ ಜೊತೆ ಗಟ್ಟಿ ಬಲೂನ್ ಇಳಿಸಿ, ಬಾಗಿಲ ಹತ್ತಿರ ಊದಿಸಿ, ಸ್ನಾಯುವಿನ ಎಳೆಗಳನ್ನು ಹರಿಯುತ್ತಾರೆ. 30 ಮಿಲಿಮೀಟರಿನಿಂದ ಶುರು, ಬೇಕಾದರೆ 35, ಆಮೇಲೆ 40. ಹೊಟ್ಟೆ ಕೊಯ್ಯುವುದಿಲ್ಲ, ಆಸ್ಪತ್ರೆ ವಾಸ ಕಡಿಮೆ, ಮೂರು ಚಿಕಿತ್ಸೆಯಲ್ಲಿ ಖರ್ಚೂ ಇದಕ್ಕೇ ಕಡಿಮೆ. ಭಯ ಏನೆಂದರೆ ಅನ್ನನಾಳ ತೂತಾಗುವುದು. ನೂರರಲ್ಲಿ ಒಬ್ಬರಿಂದ ನಾಲ್ವರವರೆಗೆ ಹಾಗಾಗುತ್ತದೆ. ಹಾಗಾದರೆ ತುರ್ತು ಆಪರೇಷನ್ ಬೇಕಾಗಬಹುದು. ಅದಕ್ಕೇ ಸರ್ಜನ್ ಇಲ್ಲದ ಕಡೆ ಬಲೂನ್ ಮಾಡಿಸಬೇಡಿ.

ಮಾರನೇ ದಿನ ಒಂದು ಇಡೀ ಇಡ್ಲಿ ತಿಂದೆ. ನೀರಿಲ್ಲದೆ. ನಮ್ಮ ಮನೆಯವರು ವಿಡಿಯೋ ಮಾಡಿಕೊಂಡರು. ಸ್ಕೋರ್ 2ಕ್ಕೆ ಇಳಿಯಿತು, ತೂಕ 54ಕ್ಕೆ ಏರಿತು. ಅಪ್ಪೆಮಿಡಿ, ಕೊಟ್ಟೆ ಕಡುಬು, ಪತ್ರೊಡೆ ಎಲ್ಲ ತಿಂದೆ. ಹದಿನಾಲ್ಕು ತಿಂಗಳು. ಆಮೇಲೆ ಒಂದು ದಿನ ಅಕ್ಕಿ ರೊಟ್ಟಿ ನಿಂತಿತು. ಈಗ ಸ್ಕೋರ್ ಮತ್ತೆ 6.

ಹಾಗಂತ ಬಲೂನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2011ರಲ್ಲಿ ಬಂದ ಯುರೋಪಿನ ಅಧ್ಯಯನದಲ್ಲಿ 201 ಜನರಲ್ಲಿ ಬಲೂನನ್ನೂ ಹೆಲ್ಲರ್ ಆಪರೇಷನ್ನನ್ನೂ ಹೋಲಿಸಿದ್ದರು. ಎರಡು ವರ್ಷದ ಮೇಲೆ ಬಲೂನಿಗೆ ಶೇ. 86, ಆಪರೇಷನ್ನಿಗೆ ಶೇ. 90 ಜನ ಪಾಸು. ದೊಡ್ಡ ವ್ಯತ್ಯಾಸ ಅಲ್ಲ. ಆದರೆ ಐದು ವರ್ಷದೊಳಗೆ ಬಲೂನಿನವರಲ್ಲಿ ನಾಲ್ವರಿಗೊಬ್ಬರು ಮತ್ತೆ ಮಾಡಿಸಿಕೊಂಡಿದ್ದರು. 2019ರ ಇನ್ನೊಂದು ಅಧ್ಯಯನ ನೋಡಿದರೆ ಹೆದರಿಕೆಯಾಗುತ್ತದೆ: ಎರಡು ವರ್ಷಕ್ಕೆ ಪೋಯೆಮ್ ಶೇ. 92, ಬಲೂನ್ ಶೇ. 54. ಅಲ್ಲಿ ಬಲೂನ್ ಮಾಡಿದ್ದು ಒಂದೆರಡು ಸಲ ಮಾತ್ರ, ಹಿಂದಿನದರಲ್ಲಿ ಬೇಕಾದಾಗ ಮತ್ತೆ ಮಾಡಲು ಅವಕಾಶ ಇತ್ತು. ಅಂದರೆ ಬಲೂನ್ ಅನ್ನುವುದು ಗೇಟಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಮತ್ತೆ ಮತ್ತೆ ಬಿಡಲು ತಯಾರಿದ್ದರೆ ಸರಿ. ವಯಸ್ಸಾದವರಿಗೆ, ಒಂದೆರಡು ಗಂಟೆ ದಾರಿಯಲ್ಲಿ ಒಳ್ಳೆಯ ಆಸ್ಪತ್ರೆ ಇರುವವರಿಗೆ ಇದು ಚೆನ್ನ. ನಲವತ್ತರೊಳಗಿನವರಿಗೆ, ಅದರಲ್ಲೂ ಗಂಡಸರಿಗೆ, ಬೇಗ ಬಿಗಿಯುವುದು ಜಾಸ್ತಿ. ನನಗೆ ಮೂವತ್ತನಾಲ್ಕು.

ಹೆಲ್ಲರ್

1913ರಲ್ಲಿ ಅರ್ನ್ಸ್ಟ್ ಹೆಲ್ಲರ್ ಅನ್ನುವ ಜರ್ಮನ್ ಸರ್ಜನ್ ಶುರು ಮಾಡಿದ್ದು. ಈಗ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತಾರೆ. ಹೊರಗಿನಿಂದ ಸ್ನಾಯು ಕೊಯ್ದು, ಒಳಪದರ ಮುಟ್ಟದೆ ಬಿಡುತ್ತಾರೆ. ಬಾಗಿಲು ತೆರೆದಿಟ್ಟರೆ ಹೊಟ್ಟೆಯ ಹುಳಿ ಮೇಲೆ ಬರುತ್ತದಲ್ಲ, ಅದಕ್ಕೆ ಹೊಟ್ಟೆಯ ಮೇಲ್ಭಾಗವನ್ನೇ ಮಡಚಿ ಒಂದು ತಡೆ ಹೊಲಿಯುತ್ತಾರೆ. ಇದರ ದೊಡ್ಡ ಲಾಭ ಈ ತಡೆಯೇ. ನೂರು ವರ್ಷ ದಾಟಿದ ವಿಧಾನ, ಕೈ ಪಳಗಿದ ಸರ್ಜನ್‌ಗಳು ನಮ್ಮ ದೊಡ್ಡ ಊರುಗಳಲ್ಲೇ ಇದ್ದಾರೆ. ಮೊದಲೇ ಎದೆಯುರಿ ಇರುವವರು, ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ಜಾರುವುದು) ಇರುವವರು ಇದನ್ನು ಮೊದಲು ವಿಚಾರಿಸಿ.

ಪೋಯೆಮ್

ಜಪಾನಿನ ಹರುಹಿರೊ ಇನೊವೆ 2008ರಲ್ಲಿ ಮೊದಲ ಸಲ ಮನುಷ್ಯರ ಮೇಲೆ ಮಾಡಿದ್ದು. ಹೊರಗೆ ಗಾಯವೇ ಇಲ್ಲ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪದರದಲ್ಲಿ ಸಣ್ಣ ಕಿಂಡಿ ಮಾಡುತ್ತಾರೆ. ಪದರಗಳ ನಡುವೆ ಸುರಂಗ ತೋಡಿಕೊಂಡು ಬಾಗಿಲವರೆಗೆ ಹೋಗಿ, ಒಳಗಿನಿಂದಲೇ ಸ್ನಾಯು ಕೊಯ್ದು, ವಾಪಸ್ ಬರುವಾಗ ಕಿಂಡಿಗೆ ಕ್ಲಿಪ್ ಹಾಕುತ್ತಾರೆ. ಗೋಡೆಯ ಗಾರೆಯೊಳಗೇ ಇಲಿ ಬಿಲ ತೋಡಿದ ಹಾಗೆ ಅಂತ ನಮ್ಮ ಮಾವನವರಿಗೆ ವಿವರಿಸಿದೆ. 'ಅಷ್ಟು ಸಪೂರ ಗೋಡೆಯಲ್ಲಾ?' ಅಂತ ಕೇಳಿ ಸುಮ್ಮನಾದರು.

2019ರಲ್ಲಿ 221 ಜನರಲ್ಲಿ ಪೋಯೆಮ್ ಮತ್ತು ಹೆಲ್ಲರ್ ಹೋಲಿಸಿದಾಗ ಎರಡು ವರ್ಷಕ್ಕೆ ಎರಡೂ ಹೆಚ್ಚುಕಡಿಮೆ ಸಮ: ಶೇ. 83 ಮತ್ತು ಶೇ. 82ರ ಹತ್ತಿರ. ಕಷ್ಟ ಇರುವುದು ಹುಳಿಯಲ್ಲಿ. ಪೋಯೆಮಿನಲ್ಲಿ ತಡೆ ಹೊಲಿಯುವುದಿಲ್ಲ. ಎರಡು ವರ್ಷದ ಮೇಲೆ ಎಂಡೋಸ್ಕೋಪಿ ಮಾಡಿದಾಗ ಹುಳಿಯಿಂದ ಅನ್ನನಾಳ ಕೆಂಪಾಗಿದ್ದವರು ಪೋಯೆಮಿನಲ್ಲಿ ಶೇ. 44, ಹೆಲ್ಲರಿನಲ್ಲಿ ಶೇ. 29. ಅಂದರೆ ನಾನು ಬಿಟ್ಟ ಗ್ಯಾಸ್ಟ್ರಿಕ್ ಮಾತ್ರೆ ಮತ್ತೆ ಶುರು. ಈ ಸಲ ಕಾರಣ ಇರುತ್ತದೆ ಅಷ್ಟೇ. ಉರಿ ಗೊತ್ತಾಗದೇ ಇರಬಹುದು, ಹಾಗಾಗಿ ಆಗಾಗ ಎಂಡೋಸ್ಕೋಪಿ ಮಾಡಿಸಿಕೊಳ್ಳಲೇಬೇಕು.

ನನಗೆ ಕೇಳಿದರೆ: ಟೈಪ್ ಮೂರಕ್ಕೆ ಪೋಯೆಮ್. ಎರಡಕ್ಕೆ, ಒಂದಕ್ಕೆ, ನಿಮ್ಮ ಕೈಗೆಟುಕುವಲ್ಲಿ ಯಾರು ಯಾವುದನ್ನು ಜಾಸ್ತಿ ಮಾಡಿದ್ದಾರೋ ಅದು. ವರ್ಷಕ್ಕೆ ಎರಡು ಪೋಯೆಮ್ ಮಾಡುವವರಿಗಿಂತ ವರ್ಷಕ್ಕೆ ಮೂವತ್ತು ಹೆಲ್ಲರ್ ಮಾಡುವವರು ಮೇಲು. 'ಇದುವರೆಗೆ ಎಷ್ಟು ಮಾಡಿದ್ದೀರಿ ಸಾರ್?' ಅಂತ ಕೇಳಲು ನಾಚಿಕೆ ಬೇಡ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಉಳಿದವುಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನಾಲಿಗೆ ಕೆಳಗಿಡುವ ಮಾತ್ರೆಗಳು ತಲೆನೋವು ತಂದವು, ತುತ್ತು ಇಳಿಸಲಿಲ್ಲ. ಬೊಟಾಕ್ಸ್ ಇಂಜೆಕ್ಷನ್ ಆರು ತಿಂಗಳಿಂದ ವರ್ಷದವರೆಗೆ ಬರುತ್ತದೆ, ಮತ್ತೆ ಬಿಗಿಯುತ್ತದೆ. ಅರಿವಳಿಕೆ ತಡೆಯದಷ್ಟು ವಯಸ್ಸಾದವರಿಗೆ ಅದು ಸರಿ. ಮುಂದೆ ಆಪರೇಷನ್ ಮಾಡಿಸುವವರಿಗೆ ಬೇಡ, ಆ ಜಾಗ ಗಂಟುಕಟ್ಟಿ ಸರ್ಜನ್ನಿಗೆ ಕಷ್ಟವಾಗುತ್ತದೆ.

ಎಲ್ಲಿ? ಇಲ್ಲೋ, ಹೊರದೇಶವೋ?

ನಾನು ಜಪಾನಿಗೆ ಹೋಗುತ್ತಿದ್ದೇನೆ. ಊರಲ್ಲಿ ಎಲ್ಲರೂ ಅಂದುಕೊಂಡಿರುವುದು ಇಲ್ಲಿ ಆಗದ ಆಪರೇಷನ್ ಅದು ಅಂತ. ಹಾಗಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ನೂರಾರು ಪೋಯೆಮ್ ಮಾಡಿದ್ದಾರೆ, ಅದರ ಬಗ್ಗೆ ಪ್ರಕಟಿಸಿಯೂ ಇದ್ದಾರೆ. ಹೊರದೇಶದವರೇ ನಮ್ಮಲ್ಲಿಗೆ ಬರುತ್ತಾರೆ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಶಿವಮೊಗ್ಗದಿಂದಲೇ ಹೈದರಾಬಾದಿಗೆ ವಿಮಾನ ಶುರುವಾಯಿತು. ಹೋಗುವ ದಿನ ಇದೆಯಾ ಅಂತ ನೋಡಿಕೊಂಡೇ ಅಪಾಯಿಂಟ್‌ಮೆಂಟ್ ತಗೊಳ್ಳಿ.

ನಾನು ಹೋಗುತ್ತಿರುವುದಕ್ಕೆ ಕಾರಣ ಸರಳ. ಇವರು ಎರಡು ವರ್ಷದಿಂದ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾರೆ. ಹೆಂಡತಿಯಾಗಿ ಅವಲಂಬಿತರ ವೀಸಾದಲ್ಲಿ ಹೋಗಿ ಅಲ್ಲೇ ವಾಸ ಮಾಡಿದರೆ ಅವರ ಕಂಪನಿಯ ಆರೋಗ್ಯ ವಿಮೆಗೆ ನಾನೂ ಸೇರುತ್ತೇನೆ. ಮೊದಲೇ ಇದ್ದ ಕಾಯಿಲೆ ಅಂತ ಬಿಡುವುದಿಲ್ಲ. ಜಪಾನಿನಲ್ಲಿ 2016ರಿಂದ ಪೋಯೆಮ್ ಸರ್ಕಾರಿ ವಿಮಾ ಪಟ್ಟಿಯಲ್ಲಿದೆ. ಖರ್ಚಿನ ಶೇ. 30 ನಮ್ಮದು, ಅದಕ್ಕೂ ಸಂಬಳದ ಮೇಲೆ ತಿಂಗಳಿಗೆ ಇಷ್ಟೇ ಅನ್ನುವ ಮಿತಿ ಇದೆ.

ಆದರೆ ನಿಮ್ಮವರು ಯಾರೂ ಅಲ್ಲಿಲ್ಲದೆ ಬರೀ ಆಪರೇಷನ್ನಿಗೆ ಅಂತ ಹೋಗುವುದಾದರೆ ಲೆಕ್ಕವೇ ಬೇರೆ. ವೈದ್ಯಕೀಯ ವೀಸಾಕ್ಕೆ ಅಲ್ಲಿನ ನೋಂದಾಯಿತ ಸಂಸ್ಥೆಯೊಂದು ಜಾಮೀನು ನಿಲ್ಲಬೇಕು. ವಿಮೆ ಇಲ್ಲದ ಹೊರದೇಶದವರಿಗೆ ಆಸ್ಪತ್ರೆ ಎಷ್ಟು ಬೇಕಾದರೂ ದರ ಹಾಕಬಹುದು. ನಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಅನ್ನುವುದು ದಾರಿಯಲ್ಲಿ ಕಾಲು ಮುರಿದರೆ, ಗೊತ್ತಿದ್ದೇ ಮಾಡಿಸುವ ಆಪರೇಷನ್ನಿಗಲ್ಲ. ಹಾಗೆ ಹೋಗಲು ತೋಟ ಅಡ ಇಡುವವರಿದ್ದರೆ ದಯವಿಟ್ಟು ಹೈದರಾಬಾದೋ ಬೆಂಗಳೂರೋ ಮಣಿಪಾಲವೋ ವಿಚಾರಿಸಿ.

ಜಾಗ ಆರಿಸುವಾಗ ನಾನು ಆಸ್ಪತ್ರೆಯ ಹೆಸರಿಗಿಂತ ಹತ್ತನೇ ದಿನವನ್ನು ಯೋಚಿಸಿದೆ. ಆಪರೇಷನ್ ಆಗಿ ಹತ್ತನೇ ದಿನ ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೇನೆ? ಮೆತ್ತಗಿನ ಊಟ ಯಾರು ಮಾಡುತ್ತಾರೆ? ಮೂರು ತಿಂಗಳ ಬೇರಿಯಂ, ವರ್ಷದ ಎಂಡೋಸ್ಕೋಪಿ ಅದೇ ಕೈಯಲ್ಲಿ ಆಗುತ್ತದಾ? ಹಿಂದಿನ ಸಲ ಬಲೂನ್ ಆದಮೇಲೆ ಮತ್ತೆ ಬಿಗಿದಾಗ ಮಳೆಗಾಲ. ಆಗುಂಬೆಯಲ್ಲಿ ಮರ ಬಿದ್ದು ಅಪಾಯಿಂಟ್‌ಮೆಂಟ್ ತಪ್ಪಿತು. ಮುಂದಿನದ್ದು ಸಿಗಲು ಆರು ವಾರ. ಆ ಆರು ವಾರ ಗಂಜಿ ನೀರಿನಲ್ಲೇ ಕಳೆಯಿತು. ಯೊಕೊಹಾಮಾದ ಮನೆಯಿಂದ ಆಸ್ಪತ್ರೆಗೆ ರೈಲಿನಲ್ಲಿ ಒಂದು ಗಂಟೆಯಂತೆ. ನನಗೆ ಅದೇ ದೊಡ್ಡ ಲಾಭವಾಗಿ ಕಂಡಿತು.

ಭಾಷೆಯ ಭಯ ಇದೆ. ಒಪ್ಪಿಗೆ ಪತ್ರ ಜಪಾನಿಯಲ್ಲಿ. ನೋವು ಎಲ್ಲಿ, ಹೇಗೆ ಅನ್ನುವುದನ್ನು ಒಂದು ಕಾಗದದಲ್ಲಿ ಮೊದಲೇ ಬರೆದು ಅನುವಾದ ಮಾಡಿಸಿಟ್ಟುಕೊಂಡಿದ್ದೇನೆ. 'ಎದೆಯಲ್ಲಿ ಕಟ್ಟಿಕೊಂಡಿದೆ' ಅನ್ನುವುದನ್ನು ಅವರಿಗೆ ಅರ್ಥ ಮಾಡಿಸಲು ಇವರಿಗೆ ಎರಡು ಸಂಜೆ ಹಿಡಿಯಿತು.

ಕಾಯುವ ತಿಂಗಳುಗಳು

ಮಳೆ ಮುಗಿದ ಮೇಲೆ ಹೊರಡುವುದು. ಅಲ್ಲಿಯವರೆಗೆ ದಿನ ಹೀಗೆ ನಡೆಯುತ್ತದೆ. ಬೆಳಿಗ್ಗೆ ಬಿಸಿ ನೀರು, ಆಮೇಲೆ ರಾಗಿ ಅಂಬಲಿ. ತಣ್ಣಗಿನದಕ್ಕಿಂತ ಬೆಚ್ಚಗಿನದು ಇಳಿಯುತ್ತದೆ. ಮಧ್ಯಾಹ್ನ ಅನ್ನ ಚೆನ್ನಾಗಿ ಕಿವುಚಿ ಒಂದೆಲಗದ ತಂಬುಳಿ. ದೊಡ್ಡಪತ್ರೆಯದ್ದೂ ಆಗುತ್ತದೆ. ನಾರಿನ ಬಾಳೆದಿಂಡು, ಕಳಲೆ, ಒಣ ಚಪಾತಿ ಬೇಡ. ನೀರ್ ದೋಸೆ ಮೆತ್ತಗಿದೆ ಅಂತ ಮೋಸ ಹೋಗಬೇಡಿ, ಒಳಗೆ ಹೋಗಿ ಉಂಡೆಯಾಗುತ್ತದೆ. ಸಂಜೆ ಏಳರ ಮೇಲೆ ಏನೂ ಇಲ್ಲ. ಮಂಚದ ತಲೆಕಡೆಯ ಎರಡು ಕಾಲಿಗೆ ಇಟ್ಟಿಗೆ ಇಟ್ಟಿದ್ದೇವೆ. ಅದಕ್ಕೆ ಮೊದಲು ರಾತ್ರಿ ನೊರೆ ಬಂದು ದಿಂಬು ಒದ್ದೆಯಾಗುತ್ತಿತ್ತು. ಎರಡು ಸಲ ಅದು ಶ್ವಾಸಕ್ಕೆ ಹೋಗಿ ಕೆಮ್ಮಿ ಎದ್ದಿದ್ದೇನೆ. ರಾತ್ರಿ ಕೆಮ್ಮು ಜಾಸ್ತಿಯಾಗಿ ಜ್ವರ ಬಂದರೆ ಆಪರೇಷನ್ ದಿನಕ್ಕೆ ಕಾಯದೆ ಎದೆಯ ಎಕ್ಸ್‌ರೇ ಮಾಡಿಸಿ. ಅರಿವಳಿಕೆ ಕೊಡುವಾಗಲೂ ಇದೇ ಅಪಾಯ. ಅದಕ್ಕೇ ಆಪರೇಷನ್ನಿನ ಮುಂಚೆ ಒಂದೆರಡು ದಿನ ಬರೀ ದ್ರವ ಆಹಾರ ಅಂತ ಹೇಳುತ್ತಾರೆ. ಅದನ್ನು ಅಕ್ಷರಕ್ಕಕ್ಷರ ಪಾಲಿಸಿ.

ಫೈಲಿನಲ್ಲಿ ಮ್ಯಾನೋಮೆಟ್ರಿಯ ಬಣ್ಣದ ಚಿತ್ರಗಳು ಬೇಕು, ಬರೀ ರಿಪೋರ್ಟ್ ಸಾಲದು. ಬೇರಿಯಂ ಸಿಡಿ, ಬಲೂನ್ ಎಷ್ಟು ಮಿಲಿಮೀಟರಿನದ್ದು ಹಾಕಿದರು ಅನ್ನುವ ಡಿಸ್ಚಾರ್ಜ್ ಚೀಟಿ ಎಲ್ಲ ಇಟ್ಟುಕೊಂಡಿದ್ದೇನೆ. ವಿಮಾನದಲ್ಲಿ ಕೊಡುವ ಬನ್ನು, ಸ್ಯಾಂಡ್‌ವಿಚ್ ನನಗಲ್ಲ. ಮೊದಲೇ ಹೇಳಿದರೆ ಮೆತ್ತಗಿನ ಊಟ ಕೊಡುತ್ತಾರಂತೆ. ಕೂತೇ ನಿದ್ದೆ ಮಾಡಬೇಕಾದ ಕಡೆ ಎಲ್ಲರೂ ಗೊಣಗುತ್ತಾರೆ, ನನಗೆ ಅದು ಅಭ್ಯಾಸ.

ಮೊನ್ನೆ ರಾತ್ರಿ ಇವರು ಫೋನಿನಲ್ಲಿ ಅಲ್ಲಿನ ಆಸ್ಪತ್ರೆ ಊಟದ ಕ್ರಮ ಓದಿ ಹೇಳಿದರು. ಮೊದಲು ನೀರು. ಆಮೇಲೆ ಮೂರು ಪಾಲಿನ ಗಂಜಿ, ಐದು ಪಾಲಿನ ಗಂಜಿ, ಏಳು ಪಾಲಿನ ಗಂಜಿ, ಕೊನೆಗೆ ಪೂರ್ತಿ ಗಂಜಿ. ಅನ್ನದ ಅಗುಳು ಹೆಚ್ಚುತ್ತಾ ಹೋಗುವುದಕ್ಕೆ ಹಾಗೆ ಹೆಸರು. ಜೊತೆಗೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣೊಂದು, ನಮ್ಮ ಮಿಡಿಯ ಹಾಗೆ. ಒಲೆ ಮುಂದೆ ಕೂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು.

'ಗಂಜಿ ಕುಡಿಯಕ್ಕೆ ಅಷ್ಟು ದೂರ ಹೋಗಬೇಕಾ ಮಾರಾಯ್ತಿ?' ಅಂದರು. ಆಮೇಲೆ ಎದ್ದು ಹೋಗಿ ಭರಣಿಯಿಂದ ಎರಡು ಅಪ್ಪೆಮಿಡಿ ತೆಗೆದು, ಒಂದು ಸಣ್ಣ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದಿಟ್ಟರು.